ಫೈಬರ್ ಬೋಟಿನ ಹೊಳಪು ಎಲ್ಲಿ ಹೋಯಿತು? ಕೊಡಗಿನ ಕೆರೆ, ಹೊಳೆಗಳ ಬೋಟ್‌ಗಳಿಗೆ ಜೆಲ್ ಕೋಟ್ ದೋಷ ನಿವಾರಣೆ ಕೈಪಿಡಿ

ಮಂಕಾದ ಬೋಟ್ ಕಂಡ ತಕ್ಷಣ ಬಫಿಂಗ್ ಮೆಷಿನ್ ಹುಡುಕಿಕೊಂಡು ಹೋಗುವವರೇ ಹೆಚ್ಚು. ಮೊದಲು ಬೇಕಾಗಿರುವುದು ಮೆಷಿನ್ ಅಲ್ಲ, ಒಂದು ಒದ್ದೆ ಬಟ್ಟೆ ಮತ್ತು ಒಂದು ಒಣ ಕಪ್ಪು ಬಟ್ಟೆ. ಮಂಕು ಅನ್ನುವುದು ಒಂದೇ ರೋಗವಲ್ಲ. ಬಿಸಿಲಿಗೆ ಪುಡಿಯಾದ ಮೈ, ಟಾರ್ಪಲ್ ಕೆಳಗೆ ಬೆವರಿದ ಮೈ, ಎಲೆ ನೀರು ಕುಡಿದ ಮೈ, ಗ್ರೈಂಡರಿಗೆ ಸಿಕ್ಕಿ ಸುಟ್ಟ ಮೈ, ಇವೆಲ್ಲ ದೂರದಿಂದ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಮದ್ದು ಮಾತ್ರ ಬೇರೆ ಬೇರೆ, ಒಂದರ ಮದ್ದು ಇನ್ನೊಂದಕ್ಕೆ ವಿಷ.

ಫೈಬರ್ ಬೋಟಿನ ಹೊರಮೈ ಬಣ್ಣ ಬಳಿದದ್ದಲ್ಲ. ಅಚ್ಚಿನೊಳಗೆ ಎಲ್ಲಕ್ಕಿಂತ ಮೊದಲು ಹಾಕುವ, ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ ಪದರವೇ ಜೆಲ್ ಕೋಟ್. ಅದರ ಬೆನ್ನಿಗೆ ಗ್ಲಾಸ್ ಮ್ಯಾಟ್ (ಗಾಜಿನ ನಾರಿನ ಹಾಸು) ಇಟ್ಟು ರೆಸಿನ್ ಕುಡಿಸಿ ಬೋಟಿನ ಗಟ್ಟಿ ಮೈ ಕಟ್ಟುತ್ತಾರೆ. ಜೆಲ್ ಕೋಟ್ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಉಜ್ಜಿದಷ್ಟೂ ಅದು ತೆಳುವಾಗುತ್ತದೆ, ತಾನಾಗಿ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಈ ಕೈಪಿಡಿಯಲ್ಲಿ ಎಲ್ಲ ಕೆಲಸವೂ ಅತಿ ಮೃದುವಾದದ್ದರಿಂದ ಶುರುವಾಗಿ, ಅದು ಸೋತರೆ ಮಾತ್ರ ಒರಟಾದದ್ದಕ್ಕೆ ಹೋಗುತ್ತದೆ.

ಇಲ್ಲಿ ಹೇಳಿರುವುದು ಹೋಂಸ್ಟೇ ಕೆರೆಗಳ ಪೆಡಲ್ ಬೋಟ್, ದುಬಾರೆಯಂಥ ಕಡೆ ಹೊಳೆ ದಾಟಿಸುವ ಫೈಬರ್ ಮೋಟಾರ್ ಬೋಟ್, ಹಿನ್ನೀರಿನ ಸಣ್ಣ ದೋಣಿಗಳಿಗೆ. ಬರಪೊಳೆಯ ರಾಫ್ಟ್‌ಗಳು ಗಾಳಿ ತುಂಬಿದ ರಬ್ಬರಿನವು. ಅವಕ್ಕೆ ಇದರಲ್ಲಿ ಒಂದು ಸಾಲೂ ಅನ್ವಯಿಸುವುದಿಲ್ಲ, ದಯವಿಟ್ಟು ಕಾಂಪೌಂಡ್ (ಮೈಯನ್ನು ತುಸು ಸವೆಸಿ ಹೊಳಪು ತರುವ ಪೇಸ್ಟ್) ಹಚ್ಚಬೇಡಿ.

ಮೊದಲ ಅರ್ಧ ಗಂಟೆ: ಪರೀಕ್ಷೆ

ಬೋಟನ್ನು ನೀರಿನಿಂದ ಮೇಲೆತ್ತಿ, 10 ಲೀಟರ್ ಬಕೆಟ್ಟಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ಮೇಲಿನ ಕೊಳೆ, ಎಣ್ಣೆಯಂಶ ಬಹುಪಾಲು ಇದರಲ್ಲೇ ಹೋಗುತ್ತದೆ. ಚೆನ್ನಾಗಿ ಒಣಗಿದ ಮೇಲೆ ಕಪ್ಪು ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಂದು ಅಡಿ ಉದ್ದ ಒತ್ತಿ ಎಳೆಯಿರಿ. ಬಟ್ಟೆಯ ಮೇಲೆ ಬಿಳಿ, ಅಥವಾ ಬೋಟಿನದೇ ಬಣ್ಣದ ಪುಡಿ ಹತ್ತಿದರೆ ಮೈ ಪುಡಿಯಾಗಿದೆ ಅಂತ ಅರ್ಥ.

ಈಗ ಅದೇ ಜಾಗಕ್ಕೆ ಒದ್ದೆ ಬಟ್ಟೆ ಒತ್ತಿ ನೋಡಿ. ಗುಲಾಬಿಗೆ ತಿರುಗಿದ್ದ ಕೆಂಪು ಮೈ ನೀರು ತಗಲಿದ ಕ್ಷಣ ಮತ್ತೆ ಕಡುಗೆಂಪಾಗಿ ಹೊಳೆದು, ಆರುತ್ತ ಬಂದಂತೆ ಅಂಚಿನಿಂದ ಒಳಕ್ಕೆ ಬೆಳ್ಳಗಾಗುತ್ತಿದ್ದರೆ ಅದು ಒಳ್ಳೆಯ ಸುದ್ದಿ. ಬಿಸಿಲು ತಿಂದ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳಿರುತ್ತವೆ, ಬೆಳಕು ಅಲ್ಲಿ ಚೆದುರಿ ಬೆಳ್ಳಗೆ ತೋರುತ್ತದೆ. ನೀರು ಆ ಗುಳಿ ತುಂಬಿದಾಗ ಕೆಳಗಿರುವ ನಿಜವಾದ ಬಣ್ಣ ಕಾಣುತ್ತದೆ. ಅಂದರೆ ಬಣ್ಣ ಇನ್ನೂ ಇದೆ, ಪಾಲಿಷ್‌ಗೆ ಬಗ್ಗುತ್ತದೆ. ನೀರು ಹಾಕಿದರೂ ಬಣ್ಣ ಬರದಿದ್ದರೆ ಕೆಡುಕು ಆಳಕ್ಕಿಳಿದಿದೆ, ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಬೇಕಾಗುತ್ತದೆ, ಅದಕ್ಕೂ ಬಗ್ಗದಿದ್ದರೆ ಪೇಂಟ್.

ಇನ್ನೆರಡು ಪರೀಕ್ಷೆ ಸೇರಿಸಿಕೊಳ್ಳಿ. ನಾಣ್ಯದಿಂದ ಮೈತುಂಬ ಟಕಟಕ ಬಡಿಯುತ್ತ ಹೋಗಿ. ಒಂದು ಕಡೆ ಟಣ್ ಅನ್ನದೆ ದಬ್ ಅಂದರೆ ಅಲ್ಲಿ ಪದರ ಬಿಟ್ಟಿದೆ, ಆ ಜಾಗವನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ, ಮೆಷಿನ್ ತಾಗಿಸಬೇಡಿ. ಬಿರುಕು ಇರಬಹುದು ಅನಿಸಿದ ಕಡೆ ನೀರಿಗೆ ಹೋಗುವ ಮಾರ್ಕರ್ ಬಳಿದು ತಕ್ಷಣ ಒರೆಸಿ, ಬಿರುಕಿದ್ದರೆ ಶಾಯಿ ಗೆರೆಯಾಗಿ ಉಳಿಯುತ್ತದೆ.

ಕೈಗೆ ಬಿಳಿ ಪುಡಿ ಹತ್ತುತ್ತದೆ

ಕಾರಣ ಬಿಸಿಲು. ಅತಿನೇರಳೆ ಕಿರಣ ಮೇಲ್ಪದರದ ರೆಸಿನ್ನನ್ನು ಒಡೆಯುತ್ತದೆ, ಬಣ್ಣದ ಕಣಗಳು ಹಿಡಿತ ತಪ್ಪಿ ಪುಡಿಯಾಗಿ ಉದುರುತ್ತವೆ. ಮಡಿಕೇರಿಯ ಚಳಿಗೆ ಮೋಸ ಹೋಗಬೇಡಿ. ಗಾಳಿ ತಂಪಾಗಿದ್ದ ಮಾತ್ರಕ್ಕೆ ಬಿಸಿಲಿನ ಕಿರಣ ಮೆತ್ತಗಾಗುವುದಿಲ್ಲ, ಎತ್ತರದ ಊರಿನಲ್ಲಿ ಅದು ಇನ್ನೂ ಜೋರು. ಕೆಂಪು, ಕಡುನೀಲಿ ಬೋಟ್‌ಗಳು ಬಿಳಿಯವಕ್ಕಿಂತ ಬೇಗ ಮಂಕಾಗಿ ಕಾಣುವುದೂ ಇದರಿಂದಲೇ.

ಕೆಲಸಕ್ಕೆ ದಿನ ಆರಿಸುವುದೇ ಅರ್ಧ ಕೆಲಸ. ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದ ಮೇಲೆ, ನವೆಂಬರಿನಿಂದ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬೀಳುವವರೆಗೆ ಒಳ್ಳೆಯ ಕಾಲ. ದಿನದಲ್ಲಿ ಹತ್ತೂವರೆಯಿಂದ ಮೂರೂವರೆ. ಅದಕ್ಕೆ ಮುಂಚೆ ಇಬ್ಬನಿ, ಆಮೇಲೆ ಮತ್ತೆ ತಂಪು. ನೆರಳು ಬೇಕು, ಮರದ ನೆರಳು ಬೇಡ: ಎಲೆ, ಅಂಟು, ಹಕ್ಕಿ ಹಿಕ್ಕೆ ಎಲ್ಲ ಅಲ್ಲಿಂದಲೇ. ಖಾಲಿ ಇರುವ ಶೆಡ್ ಸಿಕ್ಕರೆ ಸರಿ. ಆದರೆ ಕಾಫಿ ಕೊಯ್ಲಿನ ದಿನಗಳಲ್ಲಿ ಕಣದ ಪಕ್ಕದ ಶೆಡ್ಡಿನಲ್ಲಿ ಬೇಡ, ಸಿಪ್ಪೆಯ ದೂಳು ಒದ್ದೆ ಕಾಂಪೌಂಡಿಗೆ ಕೂತು ಪ್ಯಾಡಿನ ಕೆಳಗೆ ಗೀರು ಹಾಕುತ್ತದೆ.

ಬೇಕಾದದ್ದು: 7 ಇಂಚಿನ ವೇಗ ಬದಲಿಸಬಹುದಾದ ಪಾಲಿಷಿಂಗ್ ಮೆಷಿನ್, ಉಣ್ಣೆ ಪ್ಯಾಡ್ ಎರಡು, ಸ್ಪಾಂಜ್ ಪ್ಯಾಡ್ ಎರಡು, ಕಟಿಂಗ್ ಕಾಂಪೌಂಡ್, ಫೈನ್ ಪಾಲಿಷ್, ನೀರಿನ ಸ್ಪ್ರೇ ಬಾಟಲಿ, ಮೈಕ್ರೋಫೈಬರ್ ಬಟ್ಟೆ ಒಂದು ಡಜನ್, ಮಾಸ್ಕಿಂಗ್ ಟೇಪ್. ಸ್ಟಿಕ್ಕರ್, ರಬ್ಬರ್ ಅಂಚು, ಸ್ಟೀಲ್ ಕೊಂಡಿಗಳ ಸುತ್ತ ಮೊದಲು ಟೇಪ್ ಸುತ್ತಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್.

ಒಂದು ಚದರ ಅಡಿಯಷ್ಟು ಜಾಗದಲ್ಲಿ ಪ್ರಯೋಗ ಮಾಡಿ. ಮೊದಲು ಫೈನ್ ಪಾಲಿಷ್ ಕೈಯಲ್ಲೇ ಉಜ್ಜಿ ನೋಡಿ. ಹೊಳಪು ಬಂದರೆ ಇಡೀ ಬೋಟಿಗೆ ಅದೇ ಸಾಕು. ಬರದಿದ್ದರೆ ಉಣ್ಣೆ ಪ್ಯಾಡ್, ಕಟಿಂಗ್ ಕಾಂಪೌಂಡ್. ಅದೂ ಸೋತರೆ 2000 ನಂಬರಿನ ವಾಟರ್ ಪೇಪರ್, ಆಮೇಲೆ 1500, ಕೊನೆಗೆ 1000; ನಂಬರ್ ಇಳಿದಷ್ಟೂ ಪೇಪರ್ ಒರಟು. ಯಾವುದರಲ್ಲಿ ಕೆಲಸ ಆಯಿತೋ ಅಲ್ಲಿಗೆ ನಿಲ್ಲಿಸಿ, ಅಲ್ಲಿಂದ ಒಂದೊಂದೇ ಮೆಟ್ಟಿಲು ಮತ್ತೆ ನಯವಾದದ್ದರ ಕಡೆಗೆ ಬನ್ನಿ.

ಮೆಷಿನ್ ಹಿಡಿದಾಗ ಎರಡಡಿ ಉದ್ದ, ಎರಡಡಿ ಅಗಲ, ಅಷ್ಟೇ ಜಾಗ ಒಂದು ಸಲಕ್ಕೆ. ಬಟಾಣಿ ಗಾತ್ರದ ನಾಲ್ಕೈದು ಹನಿ ಕಾಂಪೌಂಡನ್ನು ಮೈಮೇಲೆ ಇಟ್ಟು, ಮೆಷಿನ್ ಶುರು ಮಾಡುವ ಮೊದಲೇ ಪ್ಯಾಡಿನಿಂದ ಹರಡಿ. ನಿಮಿಷಕ್ಕೆ 600 ಸುತ್ತಿನಲ್ಲಿ ಆರಂಭಿಸಿ 1000ದಿಂದ 1200ಕ್ಕೆ ಏರಿಸಿ. ಪ್ಯಾಡ್ ಸಪಾಟಾಗಿ ಕೂತಿರಲಿ, ಕೈ ನಿಲ್ಲದಿರಲಿ. ಮೊದಲು ಅಡ್ಡ, ಆಮೇಲೆ ಉದ್ದ. ಕಾಂಪೌಂಡ್ ಒಣಗಿ ಪುಡಿ ಹಾರತೊಡಗಿದರೆ ಒಂದು ಸ್ಪ್ರೇ ನೀರು ಹೊಡೆಯಿರಿ. ಅಂಗೈ ಇಟ್ಟು ನೋಡುತ್ತಿರಿ: ಬೆಚ್ಚಗಿದ್ದರೆ ಸರಿ, ಇಡಲಾರದಷ್ಟು ಬಿಸಿಯಾಗಿದ್ದರೆ ಆ ಜಾಗ ಬಿಟ್ಟು ಬೇರೆ ಕಡೆ ಹೋಗಿ. ಒಂದೊಂದು ತುಂಡು ಮುಗಿದಾಗಲೂ ಪ್ಯಾಡನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಕೆದಕಿ ಬಿಡಿಸಿ. ಉಣ್ಣೆ ಅಂಟಿಕೊಂಡು ಜಡೆಗಟ್ಟಿದ ಪ್ಯಾಡ್ ಕೊರೆಯುವುದಿಲ್ಲ, ಬರೀ ಬಿಸಿ ಮಾಡುತ್ತದೆ.

ಹಂಸದ ಆಕಾರದ ಪೆಡಲ್ ಬೋಟ್ ಇದ್ದರೆ ಕತ್ತು, ಕೊಕ್ಕು, ರೆಕ್ಕೆಯ ಅಂಚಿಗೆ ಮೆಷಿನ್ ತರಲೇಬೇಡಿ. ಚೂಪು ಅಂಚಿನಲ್ಲಿ ಜೆಲ್ ಕೋಟ್ ಹೆಚ್ಚಾಗಿ ತೆಳು, ಪ್ಯಾಡಿನ ಒತ್ತಡವೆಲ್ಲ ಆ ಒಂದೇ ಗೆರೆಗೆ ಬೀಳುತ್ತದೆ. ಎರಡು ಸುತ್ತಿನಲ್ಲಿ ಕೊಕ್ಕಿನ ಹಳದಿ ಹೋಗಿ ಒಳಗಿನ ಮ್ಯಾಟ್ ಕಾಣುತ್ತದೆ. ಅಲ್ಲೆಲ್ಲ ಬಟ್ಟೆ, ಬೆರಳು, ತಾಳ್ಮೆ.

ವಾಟರ್ ಪೇಪರ್ ಹಿಡಿಯಬೇಕಾಗಿ ಬಂದರೆ ಮೈಮೇಲೆ ಪೆನ್ಸಿಲಿನಲ್ಲಿ ತೆಳುವಾಗಿ ಚೌಕುಳಿ ಗೆರೆ ಹಾಕಿ. ಗೆರೆ ಅಳಿಸಿದ ಕಡೆ ಉಜ್ಜಿದ್ದಾಗಿದೆ ಅಂತ ತಿಳಿಯುತ್ತದೆ, ಒಂದೇ ಕಡೆ ಅಳತೆ ಮೀರಿ ತಿನ್ನಿಸುವುದು ತಪ್ಪುತ್ತದೆ. ಪೇಪರನ್ನು ರಬ್ಬರ್ ತುಂಡಿಗೆ ಸುತ್ತಿ, ಒಂದು ನಂಬರ್ ಅಡ್ಡ ಉಜ್ಜಿದರೆ ಮುಂದಿನದನ್ನು ಉದ್ದಕ್ಕೆ ಉಜ್ಜಿ. ಹಿಂದಿನ ಗೀರು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಹೋಗುವಂತಿಲ್ಲ. 800ರಿಂದ ನೇರವಾಗಿ 2000ಕ್ಕೆ ಜಿಗಿದವರ ಬೋಟ್‌ನಲ್ಲಿ ಆ 800ರ ಗೀರುಗಳು ವ್ಯಾಕ್ಸ್ ಹಾಕಿದ ಮೇಲೆ ಎದ್ದು ಕಾಣುತ್ತವೆ, ಆಗ ಮತ್ತೆ ಮೊದಲಿನಿಂದ ಶುರು.

ಹೊಳಪು ಬಂತು, ಎರಡು ವಾರದಲ್ಲಿ ಹೋಯಿತು

ಗುತ್ತಿಗೆ ಕೊಟ್ಟು ಮಾಡಿಸಿದವರಿಂದ ಹೆಚ್ಚಾಗಿ ಬರುವ ದೂರು ಇದು. ಪುಡಿಯಾದ ಮೈಯನ್ನು ಪೂರ್ತಿ ತೆಗೆಯದೆ ಮೇಲೆ ವ್ಯಾಕ್ಸ್ ತಿಕ್ಕಿದ್ದಾರೆ. ಒದ್ದೆ ಬಟ್ಟೆ ಮಾಡಿದ ಮಾಯೆಯನ್ನೇ ವ್ಯಾಕ್ಸ್ ಕೂಡ ಮಾಡುತ್ತದೆ: ಗುಳಿ ತುಂಬಿ ತಾತ್ಕಾಲಿಕವಾಗಿ ಹೊಳೆಯಿಸುತ್ತದೆ. ನಾಲ್ಕು ಬಿಸಿಲು, ಎರಡು ತೊಳೆತ ಆದ ಮೇಲೆ ಯಥಾಪ್ರಕಾರ.

ಹಣ ಕೊಡುವ ಮುಂಚೆ, ವ್ಯಾಕ್ಸ್ ಹಾಕುವುದಕ್ಕೂ ಮುಂಚೆ, ಒಂದು ತುಂಡನ್ನು ಟರ್ಪೆಂಟೈನ್ ಹಾಕಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ. ಪಾಲಿಷ್‌ನಲ್ಲಿರುವ ಎಣ್ಣೆ ಹೋದ ಮೇಲೂ ಓರೆ ಬಿಸಿಲಿನಲ್ಲಿ ನಿಮ್ಮ ಮುಖ, ಶೆಡ್ಡಿನ ಕಂಬ ಸ್ಪಷ್ಟವಾಗಿ ಕಂಡರೆ ಅದು ನಿಜವಾದ ಹೊಳಪು. ಮಬ್ಬು ಮಬ್ಬಾಗಿ ಕಂಡರೆ ಕಾಂಪೌಂಡ್ ಹಂತ ಇನ್ನೂ ಮುಗಿದಿಲ್ಲ.

ಇದೇ ಜಾತಿಗೆ ಸೇರಿದ್ದು ಕಾರಿನ ಡ್ಯಾಶ್‌ಬೋರ್ಡ್‌ಗೆ ಹೊಡೆಯುವ ಸಿಲಿಕೋನ್ ಸ್ಪ್ರೇ. ಐದು ನಿಮಿಷದಲ್ಲಿ ಬೋಟ್ ಮಿರಮಿರ ಮಿಂಚುತ್ತದೆ. ಮುಂದೆಂದಾದರೂ ಅಲ್ಲಿ ತೇಪೆ ಹಾಕಲು ಹೋದಾಗ ಹೊಸ ಜೆಲ್ ಕೋಟ್ ಮೈಗೆ ಹತ್ತದೆ ಮೀನುಕಣ್ಣಿನಂತೆ ದುಂಡು ದುಂಡಾಗಿ ಬಿಟ್ಟುಕೊಳ್ಳುತ್ತದೆ. ಹಿಂದೆ ಯಾರೋ ಸಿಲಿಕೋನ್ ಹಾಕಿರಬಹುದು ಎಂಬ ಅನುಮಾನವಿದ್ದರೆ ವಾಟರ್ ಪೇಪರ್ ಹಿಡಿಯುವ ಮುಂಚೆಯೇ ಟರ್ಪೆಂಟೈನ್‌ನಿಂದ ಎರಡು ಸಲ ಒರೆಸಿ, ಪ್ರತಿ ಸಲ ಹೊಸ ಬಟ್ಟೆ. ಮೊದಲು ಉಜ್ಜಿದರೆ ಸಿಲಿಕೋನನ್ನು ಗೀರುಗಳೊಳಗೆ ತುರುಕಿದಂತಾಗುತ್ತದೆ.

ಪಾಲಿಷ್ ಆದ ಮೇಲೆ ಸುರುಳಿ ಗೆರೆ, ಸುಟ್ಟ ಕಲೆ

ಕಡುನೀಲಿ ಬೋಟಿನ ಮೇಲೆ ಸಂಜೆ ಬಿಸಿಲು ಬಿದ್ದಾಗ ಜೇಡನ ಬಲೆಯಂಥ ಸುತ್ತು ಗೆರೆಗಳು ಕಂಡರೆ, ಉಣ್ಣೆ ಪ್ಯಾಡಿನ ನಂತರ ಸ್ಪಾಂಜ್ ಪ್ಯಾಡಿನ ಹಂತ ತಪ್ಪಿಸಿದ್ದಾರೆ, ಇಲ್ಲವೇ ಪ್ಯಾಡಿನಲ್ಲಿ ಮಣ್ಣಿತ್ತು. ಶುದ್ಧ ಸ್ಪಾಂಜ್ ಪ್ಯಾಡ್, ಫೈನ್ ಪಾಲಿಷ್, 1200 ಸುತ್ತು, ಹಗುರ ಒತ್ತಡ. ಹೋಗುತ್ತದೆ.

ಸುಟ್ಟದ್ದು ಹೋಗುವುದಿಲ್ಲ. ಹಳದಿಗಟ್ಟಿದ ಪಟ್ಟಿ, ಅದರ ನಡುವೆ ನೂಲಿನ ಎಳೆಯಂಥ ಮ್ಯಾಟ್ ಗುರುತು ಕಂಡರೆ ಆ ಜಾಗದಲ್ಲಿ ಜೆಲ್ ಕೋಟ್ ಮುಗಿದಿದೆ. ಇದರ ಹಿಂದೆ ಸಾಮಾನ್ಯವಾಗಿ 4 ಇಂಚಿನ ಆ್ಯಂಗಲ್ ಗ್ರೈಂಡರ್ ಇರುತ್ತದೆ. ಅಂಗಡಿಯಲ್ಲಿ ಅದಕ್ಕೆ ಕೂರುವ ಬಫ್ ಪ್ಯಾಡ್ ಸಿಗುತ್ತದೆ ಅನ್ನುವುದೇ ಆಪತ್ತು. ಲೆಕ್ಕ ಹಾಕಿ: 7 ಇಂಚಿನ ಪ್ಯಾಡ್ 1200 ಸುತ್ತಿನಲ್ಲಿ ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ ಸುಮಾರು 11 ಮೀಟರ್. 4 ಇಂಚಿನದು 11,000 ಸುತ್ತಿನಲ್ಲಿ ತಿರುಗಿದರೆ ಸುಮಾರು 58 ಮೀಟರ್. ಐದು ಪಟ್ಟು ವೇಗದಲ್ಲಿ ಅರ್ಧ ಮಿಲಿಮೀಟರ್ ಎಷ್ಟು ಹೊತ್ತು ತಡೆದೀತು? ಸುಟ್ಟ ಜಾಗಕ್ಕೆ ಹೊಸ ಜೆಲ್ ಕೋಟ್ ಬಳಿಯಬೇಕು, ಇಲ್ಲವೇ ಪೇಂಟ್ ಹೊಡೆಯಬೇಕು. ಹಾಗೇ ಬಿಟ್ಟರೆ ನೀರು ಮ್ಯಾಟಿನ ಎಳೆ ಹಿಡಿದು ಒಳಗೆ ನಡೆಯುತ್ತದೆ.

ನೀರಿನ ಮಟ್ಟದಲ್ಲಿ ಕಾಫಿ ಬಣ್ಣದ ಪಟ್ಟಿ

ತೋಟದ ಕೆರೆಗಳಲ್ಲಿ ಇದು ತಪ್ಪಿದ್ದಲ್ಲ. ದಡದ ಸಿಲ್ವರ್ ಓಕ್, ಹಲಸು, ಅತ್ತಿ, ಬಿದಿರಿನ ಎಲೆ ನೀರಿನಲ್ಲಿ ಕೊಳೆತು ಒಗರು ಬಿಡುತ್ತದೆ. ಆ ಕಂದು ನೀರು ಮೈಯ ಗುಳಿಗಳಲ್ಲಿ ಕೂರುತ್ತದೆ. ಸೋಪಿಗೆ ಜಗ್ಗುವುದಿಲ್ಲ. ಕಾಂಪೌಂಡಿಗೆ ಹೋಗುತ್ತದೆ ನಿಜ, ಆದರೆ ಒಂದು ಕಲೆಗಾಗಿ ಜೆಲ್ ಕೋಟ್ ಕಳೆದುಕೊಳ್ಳುವುದು ದಂಡ.

ಮೊದಲು ಕಲೆ ಯಾವುದು ಅಂತ ಗುರುತಿಸಿ. ಇಡೀ ಬೋಟಿನ ಸುತ್ತ ಒಂದೇ ಮಟ್ಟದಲ್ಲಿ ಹಳದಿ ಕಂದು ಪಟ್ಟಿ ಇದ್ದರೆ ಎಲೆಯ ಒಗರು. ಸ್ಕ್ರೂ ಅಥವಾ ಕೊಂಡಿಯಿಂದ ಹೊರಟು ಕೆಳಕ್ಕೆ ಇಳಿದ ಕಿತ್ತಳೆ ಗೆರೆಯಾದರೆ ತುಕ್ಕು. ಒರಟಾದ ಬಿಳಿ ಪೊರೆಯಾದರೆ ಬೋರ್‌ವೆಲ್ ನೀರಿನ ಸುಣ್ಣ: ನಿಂಬೆರಸ ಬಿಟ್ಟು ನೋಡಿ, ನೊರೆ ಬಂದರೆ ಸುಣ್ಣವೇ. ಅದಕ್ಕೆ ವಿನೆಗರ್ ಸಾಕು. ಕಪ್ಪು ಚುಕ್ಕಿ, ಹಸಿರು ಜಾರು ಆದರೆ ಬೂಷ್ಟು, ಪಾಚಿ. ಮೃದು ಬ್ರಷ್, ಸೋಪು.

ಒಗರಿಗೂ ತುಕ್ಕಿಗೂ ಒಂದೇ ಮದ್ದು, ಆಕ್ಸಾಲಿಕ್ ಆಸಿಡ್. ಕೆಮಿಕಲ್ ಅಂಗಡಿಯಲ್ಲಿ ಬಿಳಿ ಹರಳಿನ ಪುಡಿಯಾಗಿ ಸಿಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ 50 ಗ್ರಾಂ ಹಾಕಿ ಕರಗಿಸಿ. ಲೋಹದ ಪಾತ್ರೆ ಬೇಡ. ಸ್ಪಾಂಜಿನಿಂದ ಹಚ್ಚಿ, ಒಣಗಲು ಬಿಡದೆ 10ರಿಂದ 15 ನಿಮಿಷ ಒದ್ದೆಯಾಗಿಡಿ. ನೆಟ್ಟಗಿರುವ ಬದಿಯಲ್ಲಿ ದ್ರವ ಕೆಳಗೆ ಇಳಿಯದಂತೆ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ ಅಂಟಿಸಿದರೂ ಆಯಿತು. ಕಲೆ ತಾನಾಗಿ ತಿಳಿಯಾಗುತ್ತದೆ, ಉಜ್ಜುವ ಅಗತ್ಯವಿಲ್ಲ. ಆಮೇಲೆ ಧಾರಾಳ ನೀರು, ಕೊನೆಗೆ ಒಂದು ಬಕೆಟ್ ನೀರಿಗೆ ಒಂದು ಹಿಡಿ ಅಡುಗೆ ಸೋಡಾ ಕಲಸಿ ತೊಳೆತ, ಮತ್ತೆ ನೀರು. ಆಕ್ಸಾಲಿಕ್ ವಿಷ. ಕೈಗವಸು, ಕನ್ನಡಕ, ಪುಡಿ ಕಲಸುವಾಗ ಮಾಸ್ಕ್ ಇಲ್ಲದೆ ಮುಟ್ಟಬಾರದು. ತೊಳೆದ ನೀರು ಕೆರೆಗೋ ಕಾವೇರಿಗೋ ಇಳಿಯುವ ಜಾಗದಲ್ಲಿ ಈ ಕೆಲಸ ಮಾಡಕೂಡದು. ದಡದಿಂದ ದೂರ, ಇಂಗುಗುಂಡಿ ಇರುವ ಕಡೆ ಮಾಡಿ.

ಇನ್ನು ಎರಡು ವಸ್ತುಗಳನ್ನು ಬೋಟಿನ ಹತ್ತಿರವೇ ತರಬೇಡಿ. ಕಕ್ಕಸಿನ ಆಸಿಡ್ ಜೆಲ್ ಕೋಟನ್ನೂ ಸ್ಟೀಲ್ ಕೊಂಡಿಗಳನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ಪಾಚಿಯನ್ನು ಕೊಲ್ಲುವುದೇನೋ ನಿಜ, ಜೊತೆಗೆ ಬಣ್ಣವನ್ನೂ ಮಂಕು ಮಾಡುತ್ತದೆ. ಬ್ಲೀಚಿಂಗ್ ಪೌಡರೂ ಯಾವುದೇ ಆಸಿಡ್ಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಶೆಡ್ಡಿನಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಸ್ಟೀಲ್ ನಾರು ಕೂಡ ಬೇಡ: ಅದರ ಚೂರು ಮೈಯಲ್ಲಿ ಸಿಕ್ಕಿ ಒಂದು ವಾರದಲ್ಲಿ ನೂರು ತುಕ್ಕು ಚುಕ್ಕಿ ಮೂಡುತ್ತದೆ.

ತುಕ್ಕು ಮತ್ತೆ ಮತ್ತೆ ಬರುತ್ತಿದ್ದರೆ ಕಲೆಯ ಹಿಂದೆ ಬೀಳಬೇಡಿ, ಸ್ಕ್ರೂ ಬದಲಿಸಿ. ಸಿಹಿನೀರಿಗೆ 304 ದರ್ಜೆಯ ಸ್ಟೇನ್‌ಲೆಸ್ ಸಾಕು.

ಟೈರ್ ತಾಗಿದ ಕಡೆ ಕಪ್ಪು

ಕಟ್ಟೆಗೆ ಹಳೇ ಟೈರ್ ಕಟ್ಟಿ ಬೋಟ್ ನಿಲ್ಲಿಸುವುದು ಎಲ್ಲ ಕಡೆ ಇರುವ ಪದ್ಧತಿ. ಉಜ್ಜಿ ಆದ ಕಪ್ಪು ಗೀರು ಟರ್ಪೆಂಟೈನ್‌ಗೋ ಪಾಲಿಷ್‌ಗೋ ಹೋಗುತ್ತದೆ. ಆದರೆ ಟೈರಿನಲ್ಲಿ ಬೆರೆಸಿದ ರಾಸಾಯನಿಕ ನಿಧಾನವಾಗಿ ಜೆಲ್ ಕೋಟಿನೊಳಗೆ ಇಳಿದು ಆದ ಕಂದು ನೆರಳು, ಬಿಸಿಲು ಬಿದ್ದಷ್ಟೂ ಗಾಢವಾಗುವಂಥದ್ದು, ಬಹುಮಟ್ಟಿಗೆ ಶಾಶ್ವತ. ಟೈರಿಗೆ ದಪ್ಪ ಕ್ಯಾನ್ವಾಸ್ ಸುತ್ತಿದರೆ ಖರ್ಚು ಅಲ್ಲಿಗೆ ನಿಂತಿತು.

ಮಳೆಗಾಲ ಕಳೆದು ಟಾರ್ಪಲ್ ತೆಗೆದಾಗ ಬಿಳಿ ಮಚ್ಚೆ

ಕೊಡಗಿನಲ್ಲಿ ಬಿಸಿಲಿಗಿಂತ ಹೆಚ್ಚು ಬೋಟ್ ಕೆಡಿಸುವುದು ಜೂನ್‌ನಿಂದ ಸೆಪ್ಟೆಂಬರಿನವರೆಗಿನ ಈ ಕಟ್ಟು. ಹೊಳೆ ಏರಿ ಬೋಟ್ ನಿಲ್ಲುತ್ತದೆ, ನೀಲಿ ಟಾರ್ಪಲ್ ಬಿಗಿಯಾಗಿ ಸುತ್ತಿ ಹಗ್ಗ ಕಟ್ಟುತ್ತಾರೆ, ನಾಲ್ಕು ತಿಂಗಳು ಯಾರೂ ತೆಗೆದು ನೋಡುವುದಿಲ್ಲ. ಕಕ್ಕಡದಲ್ಲಿ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಬಟ್ಟೆಯೇ ಒಣಗದ ಊರಿನಲ್ಲಿ ಟಾರ್ಪಲ್ಲಿನ ಒಳಗೆ ಏನು ಒಣಗೀತು? ಪ್ಲಾಸ್ಟಿಕ್ ಮೈಗೆ ಅಂಟಿದ ಕಡೆಯೆಲ್ಲ ನೀರು ಸಿಕ್ಕಿಕೊಂಡು ಜೆಲ್ ಕೋಟಿನೊಳಗೆ ಇಳಿಯುತ್ತದೆ. ಟಾರ್ಪಲ್ ಮಡಿಕೆಯ ಆಕಾರದಲ್ಲೇ ಬಿಳಿ ಮಚ್ಚೆ ಮೂಡಿದ್ದರೆ ಕಾರಣ ಇದೇ.

ತಕ್ಷಣ ಪಾಲಿಷ್ ಮಾಡಬೇಡಿ. ತಲೆಗೂದಲು ಒಣಗಿಸುವ ಡ್ರೈಯರನ್ನು ಒಂದಡಿ ದೂರದಿಂದ ಎರಡು ನಿಮಿಷ ಒಂದು ಮಚ್ಚೆಗೆ ಹಿಡಿಯಿರಿ. ಬಿಳಿ ಕಡಿಮೆಯಾದರೆ ಒಳಗೆ ತೇವ ಇದೆ. ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ವಾರ ಬಿಡಿ, ಹೆಚ್ಚಿನವು ತಾವಾಗಿ ಮಾಯವಾಗುತ್ತವೆ. ಒಣಗಿದೆಯೋ ಇಲ್ಲವೋ ತಿಳಿಯಲು ಒಂದು ಚದರ ಅಡಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ಹಗಲು ಒಂದು ರಾತ್ರಿ ಬಿಟ್ಟು, ಒಳಗೆ ಬೆವರು ಹನಿ ಇದೆಯೇ ನೋಡಿ. ಹನಿ ಇದ್ದರೆ ಇನ್ನಷ್ಟು ದಿನ ಕಾಯಿರಿ. ಒದ್ದೆ ಮೈಮೇಲೆ ವ್ಯಾಕ್ಸ್ ಹಚ್ಚಿದರೆ ಆ ತೇವ ಹೊರಗೆ ಬರುವ ದಾರಿಯೂ ಮುಚ್ಚುತ್ತದೆ. ಒಣಗಿಯೂ ಉಳಿದ ಮಚ್ಚೆಗೆ ಮಾತ್ರ ಫೈನ್ ಪಾಲಿಷ್, ಆಮೇಲೆ ಬೇಕಾದರೆ ಕಾಂಪೌಂಡ್.

ಗುಳ್ಳೆ

ವರ್ಷವಿಡೀ ನೀರಿನಲ್ಲೇ ಇರುವ ಬೋಟಿನ ತಳದಲ್ಲಿ ಗುಳ್ಳೆ ಎದ್ದಿದ್ದರೆ ಕನ್ನಡಕ ಹಾಕಿಕೊಂಡು ಒಂದನ್ನು ಚುಚ್ಚಿ. ಒಳಗೆ ಒತ್ತಡ ಇರುತ್ತದೆ, ಚಿಮ್ಮುತ್ತದೆ. ಅಂಟು ನೀರು ಬಂದು ವಿನೆಗರ್ ಥರ ಹುಳಿ ವಾಸನೆ ಬಡಿದರೆ ನೀರು ಜೆಲ್ ಕೋಟ್ ದಾಟಿ ಒಳಗೆ ರೆಸಿನ್ನನ್ನು ಕರಗಿಸುತ್ತಿದೆ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಇದು ಜೋರು, ಆದ್ದರಿಂದ ‘ನಮ್ಮದು ಸಮುದ್ರವಲ್ಲವಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಚುಚ್ಚಿದಾಗ ನೀರಿಲ್ಲದೆ ಒಣ ಮ್ಯಾಟ್ ಕಂಡರೆ ಅದು ಬೋಟ್ ಮಾಡುವಾಗಲೇ ಉಳಿದ ಗಾಳಿಯ ಟೊಳ್ಳು, ಅಷ್ಟು ಗಾಬರಿ ಬೇಡ.

ಬೇಳೆ ಕಾಳಿನ ಗಾತ್ರದ ನಾಲ್ಕಾರು ಗುಳ್ಳೆಗೆ ತುರ್ತೇನಿಲ್ಲ, ಮುಂದಿನ ಬೇಸಿಗೆಗೆ ನೋಡಿಕೊಳ್ಳಬಹುದು. ತಳದ ತುಂಬ ಇದ್ದರೆ ಪ್ರತಿಯೊಂದನ್ನೂ ಬಾಯಿ ಬಿಡಿಸಿ, ಹಲವು ದಿನ ಸಿಹಿನೀರಿನಲ್ಲಿ ತೊಳೆದು, ವಾರಗಟ್ಟಲೆ ಒಣಗಿಸಿ ಎಪಾಕ್ಸಿ ಪುಟ್ಟಿ ತುಂಬಬೇಕು. ಎಪಾಕ್ಸಿ ಮೇಲೆ ಮಾಮೂಲಿ ಜೆಲ್ ಕೋಟ್ ಸರಿಯಾಗಿ ಕೂರುವುದಿಲ್ಲ, ಮೇಲ್ಮೈಗೂ ಎಪಾಕ್ಸಿ ಪೇಂಟೇ ಸರಿ. ಗುಳ್ಳೆ ಇರುವ ತಳಕ್ಕೆ ಪಾಲಿಷ್ ಮಾಡಿ ಯಾವ ಪ್ರಯೋಜನವೂ ಇಲ್ಲ.

ಬಿರುಕು, ಮತ್ತು ಗಟ್ಟಿಯಾಗದ ತೇಪೆ

ನಕ್ಷತ್ರದಂತೆ ಒಂದು ಬಿಂದುವಿನಿಂದ ಹರಡಿದ ಬಿರುಕು ಪೆಟ್ಟಿನದು, ಬಂಡೆಗೆ ತಾಗಿರುತ್ತದೆ. ಸೀಟಿನ ಮೂಲೆ, ಮೋಟಾರ್ ಕೂರುವ ಹಲಗೆಯ ಹತ್ತಿರ ಸಾಲುಸಾಲಾಗಿ ಬಂದದ್ದು ಮೈ ಬಾಗುತ್ತಿರುವುದರ ಗುರುತು. ಕೈಯಲ್ಲಿ ಒತ್ತಿದಾಗ ಬಿರುಕು ಬಾಯಿ ಬಿಟ್ಟರೆ ಮೊದಲು ಒಳಗಿನಿಂದ ಮ್ಯಾಟ್ ಕೊಟ್ಟು ಬಲಪಡಿಸಬೇಕು, ಇಲ್ಲದಿದ್ದರೆ ಮೇಲಿನ ತೇಪೆ ಒಂದು ಸೀಸನ್ ಬಾಳುವುದಿಲ್ಲ. ಬಿರುಕಿನ ಮೇಲೆ ಬಿಳಿ ಕಾಂಪೌಂಡ್ ಓಡಿಸಬೇಡಿ. ಕಡು ಬಣ್ಣದ ಬೋಟಿನಲ್ಲಿ ಅದು ಬಿರುಕಿನೊಳಗೆ ಕೂತು, ಮೊದಲು ಕಾಣದಿದ್ದದ್ದೂ ರಂಗೋಲಿ ಹಾಕಿದಂತೆ ಎದ್ದು ಕಾಣುತ್ತದೆ.

ತೇಪೆಗೆ ಬಿರುಕನ್ನು ಮೂರು ಮೂಲೆಯ ಸ್ಕ್ರೇಪರಿನಿಂದ ಚೂಪು ಕಾಲುವೆಯಂತೆ ತೆರೆದು, ದೂಳು ಒರೆಸಿ, ಅಸಿಟೋನ್‌ನಿಂದ ಸ್ವಚ್ಛ ಮಾಡಿ. ಸುತ್ತಲಿನ ಮೈಯನ್ನು ಮೊದಲೇ ಪಾಲಿಷ್ ಮಾಡಿ ನಿಜ ಬಣ್ಣ ತೆಗೆದ ಮೇಲೆ ಬಣ್ಣ ಹೊಂದಿಸಿ. ಮಂಕು ಮೈಗೆ ಹೊಂದಿಸಿದ ತೇಪೆ ಪಾಲಿಷ್ ಆದ ದಿನ ಬಿಳಿಚಿಕೊಂಡು ನಿಲ್ಲುತ್ತದೆ. 100 ಗ್ರಾಂ ಜೆಲ್ ಕೋಟಿಗೆ ಡಬ್ಬಿಯಲ್ಲಿ ಹೇಳಿದಷ್ಟು ಹಾರ್ಡ್‌ನರ್, ಸಾಮಾನ್ಯವಾಗಿ 1.5ರಿಂದ 2 ಗ್ರಾಂ. ಮಟ್ಟಕ್ಕಿಂತ ಅರ್ಧ ಮಿಲಿಮೀಟರ್ ಮೇಲೆ ನಿಲ್ಲುವಂತೆ ತುಂಬಿ, ಮೇಲೆ ಪಾಲಿಥೀನ್ ಹಾಳೆ ಅಂಟಿಸಿ ಗಾಳಿ ತಪ್ಪಿಸಿ. ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರವವನ್ನು ಬೇರೆಯಾಗಿ ಕೊಟ್ಟಿದ್ದರೆ ಅದನ್ನು ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲೆ ಹಾರ್ಡ್‌ನರ್. ಕೋಬಾಲ್ಟೂ ಹಾರ್ಡ್‌ನರೂ ನೇರವಾಗಿ ಸೇರಿದರೆ ಬೆಂಕಿ ಹತ್ತಿ ಸಿಡಿಯಬಹುದು. ಎರಡೂ ಬಾಟಲಿ ಒಂದೇ ಕಪಾಟಿನಲ್ಲಿ ಇಡಬೇಡಿ.

ಮರುದಿನವೂ ತೇಪೆ ಅಂಟುತ್ತಿದೆಯೇ? ಉಗುರಿನಿಂದ ಕೆರೆಯಿರಿ. ಮೇಲಿನ ಪೊರೆ ಮಾತ್ರ ಅಂಟಾಗಿದ್ದು ಕೆಳಗೆ ಗಟ್ಟಿ ಇದ್ದರೆ ಗಾಳಿ ತಗುಲಿದೆ ಅಷ್ಟೇ, ಅಸಿಟೋನ್‌ನಿಂದ ಒರೆಸಿ ಉಜ್ಜಿದರೆ ಮುಗಿಯಿತು. ಆಳದವರೆಗೂ ಮೆತ್ತಗಿದ್ದರೆ ಚಳಿ, ಇಲ್ಲವೇ ಹಾರ್ಡ್‌ನರ್ ಕೊರತೆ. 16 ಡಿಗ್ರಿಗಿಂತ ಕೆಳಗೆ ಇದು ಸರಿಯಾಗಿ ಗಟ್ಟಿಯಾಗುವುದಿಲ್ಲ, ಹುತ್ತರಿ (ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ) ಹೊತ್ತಿನ ಕೊಡಗಿನ ರಾತ್ರಿ ಅದಕ್ಕಿಂತ ತಣ್ಣಗಿರುತ್ತದೆ. ಕೆರೆದು ತೆಗೆದು, ಬಿಸಿಲೇರಿದ ಮೇಲೆ ಮತ್ತೆ ಹಾಕಿ. ಬೇಗ ಗಟ್ಟಿಯಾಗಲಿ ಎಂದು ಹಾರ್ಡ್‌ನರ್ 3 ಗ್ರಾಂ ದಾಟಿಸಿದರೆ ತೇಪೆ ಪೆಡಸಾಗಿ, ಹಳದಿಯಾಗಿ ಬಿರಿಯುತ್ತದೆ. ಗಟ್ಟಿಯಾದ ಮೇಲೆ 400, 600, 800, 1000, 1500 ಪೇಪರ್, ನಂತರ ಕಾಂಪೌಂಡ್.

ವ್ಯಾಕ್ಸ್ ಕಾಟ

ಒರೆಸಿದಷ್ಟೂ ಗೀರುಗೀರಾಗಿ ಅಂಟುತ್ತಿದ್ದರೆ ದಪ್ಪ ಹಚ್ಚಿದ್ದೀರಿ, ಇಲ್ಲವೇ ಮೈ ತೇವವಾಗಿತ್ತು. ಚದರ ಅಡಿಗೆ ಒಂದು ಬಟಾಣಿಯಷ್ಟು ಸಾಕು. ಹಚ್ಚಿ 10ರಿಂದ 15 ನಿಮಿಷ ಬಿಟ್ಟು ಬೆರಳಾಡಿಸಿ ನೋಡಿ: ಗೆರೆ ಸ್ವಚ್ಛವಾಗಿ ಬಿದ್ದರೆ ಒರೆಸುವ ಹೊತ್ತು, ಬೆರಳಿಗೆ ಮೆತ್ತಿದರೆ ಇನ್ನೂ ಕಾಯಿರಿ. ಮೋಡದ ದಿನ ಅರ್ಧ ಗಂಟೆಯೂ ಆದೀತು. ಬಿಸಿಲಿಗೆ ಕಾದ ಮೈಮೇಲೆ ಹಚ್ಚಿ ಕಲ್ಲಿನಂತೆ ಕೂತುಬಿಟ್ಟಿದ್ದರೆ ಅದರ ಮೇಲೇ ಮತ್ತೊಂದು ತೆಳು ಕೋಟ್ ಹಚ್ಚಿ, ಮೆತ್ತಗಾದಾಗ ಒಟ್ಟಿಗೇ ಒರೆಸಿ. ಎರಡನೇ ಕೋಟ್ ಮರುದಿನ.

ಕಾರ್ನೌಬಾ ವ್ಯಾಕ್ಸ್ (ಒಂದು ಜಾತಿಯ ತಾಳೆ ಎಲೆಯ ಮೇಣ) ನೋಡಲು ಚೆಂದ, ಬಯಲಿನಲ್ಲಿ ನಿಂತ ಬೋಟಿಗೆ ಎರಡು ಮೂರು ತಿಂಗಳ ಬಾಳಿಕೆ. ಪಾಲಿಮರ್ ಸೀಲಂಟ್ (ಕೃತಕ ರಕ್ಷಣಾ ಲೇಪ) ಅದಕ್ಕಿಂತ ಹೆಚ್ಚು ತಡೆಯುತ್ತದೆ. ಬಾಡಿಗೆಗೆ ಓಡುವ ಬೋಟಿಗೆ ಸೀಲಂಟೇ ವಾಸಿ. ನೀರು ಚೆಲ್ಲಿದಾಗ ಮುತ್ತು ಮುತ್ತಾಗಿ ನಿಲ್ಲದೆ ಹಾಳೆಯಂತೆ ಹರಡಿತೋ, ಹೊಸ ಕೋಟಿನ ದಿನ ಬಂತು.

ಮಳೆಗೆ ಮುಂಚೆ ಕಟ್ಟುವ ರೀತಿ

ಮೇ ಕೊನೆಯೊಳಗೆ ತೊಳೆದು, ಒಣಗಿಸಿ, ಎರಡು ಕೋಟ್ ವ್ಯಾಕ್ಸ್ ಹಾಕಿ ಮೇಲೆತ್ತಿ. ಸಣ್ಣ ಬೋಟನ್ನು ಮಗುಚಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಎರಡು ಸಿಲ್ವರ್ ಓಕ್ ದಿಮ್ಮಿಗಳ ಮೇಲೆ, ಭಾರ ಅಂಚಿನ ಗಟ್ಟಿ ಭಾಗಕ್ಕೆ ಬೀಳುವಂತೆ ಕೂರಿಸಿ. ನಡುವೆ ಮೆತ್ತೆಗೆ ಗೋಣಿಚೀಲ ಬೇಡ, ನೀರು ಕುಡಿದು ಕಲೆ ಮಾಡುತ್ತದೆ. ಟೈರಿನ ತುಂಡೂ ಬೇಡ, ಕಾರಣ ಮೇಲೆ ಹೇಳಿದೆ. ಹಳೇ ಪ್ಲಾಸ್ಟಿಕ್ ಚಾಪೆಯ ತುಂಡು ಆಗುತ್ತದೆ. ಮೇಲೆ ಬಿದಿರಿನ ಬೆನ್ನು ಕಟ್ಟಿ, ಟಾರ್ಪಲ್ ಬೋಟಿನ ಮೈಯಿಂದ ಅರ್ಧ ಅಡಿ ಮೇಲೆ ನಿಲ್ಲುವಂತೆ, ಎರಡೂ ತುದಿ ಗಾಳಿಗೆ ತೆರೆದಿರುವಂತೆ ಹಾಸಿ. ಜುಲೈ ಆಗಸ್ಟ್‌ನಲ್ಲಿ ಹೊಳವಾದ ದಿನ ಸಿಕ್ಕಾಗ ಟಾರ್ಪಲ್ ಮಡಚಿ ಎರಡು ಗಂಟೆ ಗಾಳಿಗೆ ಬಿಡಿ. ಮಗುಚಲಾಗದ ದೊಡ್ಡ ಬೋಟಾದರೆ ಹಿಂಬದಿ ತಗ್ಗಾಗಿ ನಿಲ್ಲಿಸಿ ಡ್ರೇನ್ ಪ್ಲಗ್ ಬಿಚ್ಚಿ, ಅದನ್ನು ದಾರದಿಂದ ಸ್ಟೀರಿಂಗಿಗೆ ಕಟ್ಟಿ. ನೀರಿಗಿಳಿಸುವ ದಿನ ಅದು ಕಣ್ಣೆದುರೇ ನೇತಾಡುತ್ತಿರಬೇಕು.